ರಾತ್ರಿ ತುಂಬಿದ್ದ ಬ್ಯಾಟರಿ ಬೆಳಿಗ್ಗೆ ಖಾಲಿ: ಕ್ಯಾಂಪರ್ ವ್ಯಾನಿನ ಕರೆಂಟು ಹೋಗುವುದೆಲ್ಲಿಗೆ?

ಇನ್ವರ್ಟರ್ ಕೂಗಿಕೊಂಡಿದ್ದು ಬೆಳಿಗ್ಗೆ ಏಳಕ್ಕೆ, ಕಾಯಿ ಚಟ್ನಿ ರುಬ್ಬುವಾಗ. ಸಕಲೇಶಪುರದ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ವ್ಯಾನ್ ನಿಲ್ಲಿಸಿ ಅದು ಎರಡನೇ ದಿನ. ಮಿಕ್ಸಿ ಒಂದೆರಡು ಸುತ್ತು ತಿರುಗಿತು. ಇನ್ವರ್ಟರ್ ಕೀಂ ಕೀಂ ಅಂತ ಬಡಿದುಕೊಂಡು ಆಫ್ ಆಯಿತು. ಹೆಂಡತಿ ಅರ್ಧ ರುಬ್ಬಿದ ಜಾರ್ ಕೈಯಲ್ಲಿ ಹಿಡಿದು ಸುಮ್ನೆ ನನ್ನ ಮುಖ ನೋಡಿದಳು.

ಆ ನೋಟಕ್ಕೆ ಕಾರಣ ಇತ್ತು. ಸರಿಯಾಗಿ ಒಂದು ತಿಂಗಳ ಹಿಂದೆ ಇದೇ ತರ ಆಗಿತ್ತು. ಆಗ ಬ್ಯಾಟರಿ ಅಂಗಡಿಯವರು ನೋಡಿ, 'ಬ್ಯಾಟ್ರಿ ಸತ್ತಿದೆ ಸಾರ್' ಎಂದಿದ್ದರು. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಂದಿದ್ದೆ. ಮೊದಲ ದಿನ ಮಿಕ್ಸಿ ಚೆನ್ನಾಗಿ ತಿರುಗಿತು. ಸಮಸ್ಯೆ ಬಗೆಹರಿಯಿತು ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ಈಗ ನೋಡಿದರೆ ಹೊಸ ಬ್ಯಾಟರಿಯೂ ಅದೇ ಹಾಡು ಹಾಡುತ್ತಿದೆ.

ಆಮೇಲೆ ಗೊತ್ತಾಯಿತು, ಹಳೆ ಬ್ಯಾಟರಿ ಸತ್ತೇ ಇರಲಿಲ್ಲ. ಒಳ್ಳೆ ಬ್ಯಾಟರಿಯನ್ನೇ ಗುಜರಿ ರೇಟಿಗೆ ಕೊಟ್ಟು ಬಂದಿದ್ದೆ. ಅದೇ ತಪ್ಪು ನೀವು ಮಾಡಬಾರದು ಅಂತ, ನಾನು ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಗಾಡಿಯ ವಿವರ ಮೊದಲೇ ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಮಿನಿ ಬಸ್, ವರ್ಕ್‌ಶಾಪ್ ಒಂದರಲ್ಲಿ ಕ್ಯಾಂಪರ್ ಮಾಡಿಸಿದ್ದು. ಮನೆ ಕಡೆಗೆ, ಅಂದರೆ ವ್ಯಾನಿನೊಳಗಿನ ಲೈಟು, ಫ್ಯಾನ್, ಫ್ರಿಡ್ಜಿಗೆ, 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ. (ಎಎಚ್ ಅಂದರೆ ಆ್ಯಂಪಿಯರ್-ಅವರ್, ಒಂದು ಆ್ಯಂಪಿಯರ್ ಒಂದು ಗಂಟೆ ಹರಿದರೆ ಒಂದು ಎಎಚ್.) ಮೇಲೆ 200 ವಾಟ್ ಸೋಲಾರ್ ಪ್ಯಾನೆಲ್. ಮಿಕ್ಸಿ, ಲ್ಯಾಪ್‌ಟಾಪಿಗೆ ಒಂದು ಇನ್ವರ್ಟರ್. ಫ್ರಿಡ್ಜ್ 12 ವೋಲ್ಟಿಂದ ನೇರ ಓಡುವ ಕಂಪ್ರೆಸರ್ ಫ್ರಿಡ್ಜ್. ಗಾಡಿ ಓಡುವಾಗ ಆಲ್ಟರ್ನೇಟರಿಂದಲೂ (ಎಂಜಿನ್ ತಿರುಗಿಸಿ ಕರೆಂಟು ಮಾಡುವ ಯಂತ್ರ) ಒಂದು ರಿಲೇ ಮೂಲಕ ಚಾರ್ಜ್ ಬರುತ್ತದೆ. ರಿಲೇ ಅಂದರೆ ಎಂಜಿನ್ ಓಡುವಾಗ ಮಾತ್ರ ಗಾಡಿಯ ಸ್ಟಾರ್ಟರ್ ಬ್ಯಾಟರಿಗೂ ಈ ಮನೆ ಬ್ಯಾಟರಿಗೂ ಸಂಪರ್ಕ ಕೊಡುವ ಸ್ವಿಚ್ಚು. ನಿಮ್ಮದು ಬೇರೆ ಇರಬಹುದು, ಆದರೆ ಹುಡುಕುವ ದಾರಿ ಇದೇ.

ಮೂರು ಪ್ರಶ್ನೆ, ಮೇಲೊಂದು

ತಿಂಗಳ ಕೊನೆಗೆ ಕೈಯಲ್ಲಿ ದುಡ್ಡಿಲ್ಲ ಅಂದರೆ ಏನೇನು ಕಾರಣ ಇರಬಹುದು? ಸಂಬಳ ಪೂರ್ತಿ ಬಂದಿಲ್ಲ. ಇಲ್ಲವೇ ಖರ್ಚು ಜಾಸ್ತಿ. ಇಲ್ಲವೇ ಜೇಬು ತೂತು. ಬ್ಯಾಟರಿಗೂ ಅಷ್ಟೇ. ಚಾರ್ಜ್ ಒಳಗೆ ಬರುತ್ತಿಲ್ಲ, ಹೊರಗೆ ಹೋಗುವುದು ಜಾಸ್ತಿ, ಅಥವಾ ಬ್ಯಾಟರಿಯಲ್ಲಿ ನಿಲ್ಲುತ್ತಿಲ್ಲ. ಇವಲ್ಲದೆ ಇನ್ನೊಂದು ಇದೆ, ಅದೇ ನನ್ನನ್ನು ಮಣ್ಣು ಮುಕ್ಕಿಸಿದ್ದು: ಬ್ಯಾಟರಿಯಲ್ಲಿ ಕರೆಂಟಿದೆ, ಆದರೆ ಅದು ಸಾಮಾನಿನ ತನಕ ತಲುಪುತ್ತಿಲ್ಲ. ಜೇಬಲ್ಲಿ ದುಡ್ಡಿದೆ, ಕೈ ಹೋಗುತ್ತಿಲ್ಲ.

ನಾಲ್ಕಕ್ಕೂ ಹೊರಗಿನ ಲಕ್ಷಣ ಒಂದೇ. ಇನ್ವರ್ಟರ್ ಕೂಗುತ್ತದೆ, ಫ್ರಿಡ್ಜ್ ನಿಲ್ಲುತ್ತದೆ, ಲೈಟು ಮಂಕಾಗುತ್ತದೆ. ಅದಕ್ಕೇ ಎಲ್ಲರೂ ಮೊದಲು ಬ್ಯಾಟರಿಯ ಮೇಲೆ ಗೂಬೆ ಕೂರಿಸುತ್ತಾರೆ.

ಕೈಯಲ್ಲಿ ಏನಿರಬೇಕು

ಒಂದು ಸಾಧಾರಣ ಮಲ್ಟಿಮೀಟರ್. ವೈರಿನ ಸುತ್ತ ಕಚ್ಚಿಸಿ ಕರೆಂಟು ಅಳೆಯುವ ಒಂದು ಡಿಸಿ ಕ್ಲ್ಯಾಂಪ್ ಮೀಟರ್. ಕೊಳ್ಳುವಾಗ ಡಿಸಿ ಆ್ಯಂಪಿಯರ್ ಅಳೆಯುತ್ತದಾ ಅಂತ ಕೇಳಿಯೇ ತಗೊಳ್ಳಿ, ಅಗ್ಗದವು ಬಹಳಷ್ಟು ಎಸಿ ಮಾತ್ರ ಅಳೆಯುತ್ತವೆ. ನೀರು ಹಾಕುವ ಬ್ಯಾಟರಿ ಆದರೆ ಆ್ಯಸಿಡ್ ಎಷ್ಟು ಗಟ್ಟಿ ಇದೆ ಅಂತ ತೋರಿಸುವ ಹೈಡ್ರೋಮೀಟರ್ ಕೂಡ ಬೇಕು.

ಕೆಲಸಕ್ಕೆ ಕೈ ಹಾಕುವ ಮುಂಚೆ ಉಂಗುರ, ಕಡಗ, ಸ್ಟೀಲ್ ಚೈನಿನ ವಾಚು ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯಲ್ಲ, ನಿಜ. ಆದರೆ ಸ್ಪ್ಯಾನರ್ ಎರಡು ಟರ್ಮಿನಲ್‌ಗೂ ತಗುಲಿದರೆ ನೂರಾರು ಆ್ಯಂಪಿಯರ್ ಹರಿದು ಕೆಂಪಗೆ ಕಾಯುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ನೀರಿನ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಹತ್ತಿರ ಗ್ಯಾಸ್ ಒಲೆ, ಬೀಡಿ ಸಿಗರೇಟು ಯಾವುದೂ ಬೇಡ.

ಬ್ಯಾಟರಿ ನಿಜವಾಗಿ ಖಾಲಿಯಾಗಿದೆಯಾ?

ಇದನ್ನು ಯಾರೂ ಸರಿಯಾಗಿ ನೋಡುವುದಿಲ್ಲ. ಗೋಡೆಯ ಮೇಲಿನ ಡಿಸ್‌ಪ್ಲೇ ನೋಡಿ ತೀರ್ಮಾನ ಮಾಡುತ್ತಾರೆ. ಆ ಡಿಸ್‌ಪ್ಲೇ ತೋರಿಸುವುದು ತನ್ನ ಹತ್ತಿರ ಬಂದ ವೋಲ್ಟೇಜು, ಬ್ಯಾಟರಿಯದ್ದಲ್ಲ.

ಸರಿಯಾದ ವಿಧಾನ ಹೀಗೆ. ಎಲ್ಲ ಲೋಡ್ ಆಫ್ ಮಾಡಿ, ಚಾರ್ಜಿಂಗೂ ನಿಲ್ಲಿಸಿ. ನಾಲ್ಕೈದು ಗಂಟೆ ಬಿಡಿ. ಸೂರ್ಯ ಹುಟ್ಟುವ ಮುಂಚೆ ನೋಡಿದರೆ ಇನ್ನೂ ಒಳ್ಳೆಯದು. ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಕ್ಕೇ ಇಡಿ, ಕೇಬಲ್ಲಿನ ಲಗ್‌ಗೆ (ತುದಿಯ ಲೋಹದ ಕಿವಿಗೆ) ಅಲ್ಲ. ಈಗ ತಾನೇ ಚಾರ್ಜ್ ಆದ ಬ್ಯಾಟರಿ 13ರ ಮೇಲೆ ತೋರಿಸುತ್ತದೆ, ಅದನ್ನು ನಂಬಬೇಡಿ. ಅದು ಹಾಲು ಉಕ್ಕಿದಾಗ ಪಾತ್ರೆ ತುಂಬಿದಂತೆ ಕಾಣುವ ಹಾಗೆ. ಇಳಿಯಲಿ, ಆಮೇಲೆ ನೋಡಿ.

ಸಾಮಾನ್ಯ ಸೀಸದ ಬ್ಯಾಟರಿ, ಎಜಿಎಂ (ನೀರು ಹಾಕದ, ಸೀಲ್ ಮಾಡಿದ ಸೀಸದ) ಬ್ಯಾಟರಿಗಳಲ್ಲಿ 12.7ರ ಆಸುಪಾಸು ಇದ್ದರೆ ಪೂರ್ತಿ, 12.4 ಮುಕ್ಕಾಲು, 12.2 ಅರ್ಧ, 12.0 ಕಾಲು ಅಂತ ಲೆಕ್ಕ. ಆದರೆ ನಮ್ಮ ಮನೆಗಳಲ್ಲಿ ಇನ್ವರ್ಟರಿಗೆ ಇಡುವ ಟ್ಯೂಬುಲರ್ ಬ್ಯಾಟರಿಗೆ ಈ ಪಟ್ಟಿ ಹೊಂದುವುದಿಲ್ಲ. ಸೆಖೆ ಊರಿಗೆ ಅಂತ ಅದರಲ್ಲಿ ಆ್ಯಸಿಡ್ ಸ್ವಲ್ಪ ತೆಳು ಇರುತ್ತದೆ. ಪೂರ್ತಿ ಚಾರ್ಜ್ ಆದಾಗ ಹೈಡ್ರೋಮೀಟರ್ 1.240 ಸುಮಾರು ತೋರಿಸುತ್ತದೆ, ಕಾರ್ ಬ್ಯಾಟರಿಯ ಹಾಗೆ 1.270 ಅಲ್ಲ. ಒಂದು ಸುಲಭದ ಲೆಕ್ಕ ಇದೆ: ಹೈಡ್ರೋಮೀಟರಿನ ಅಂಕಿಗೆ 0.84 ಕೂಡಿಸಿ, 6ರಿಂದ ಗುಣಿಸಿ. 1.240 ಅಂದರೆ 12.48 ವೋಲ್ಟ್. ಅಂದರೆ ಟ್ಯೂಬುಲರ್ ಬ್ಯಾಟರಿ 12.5 ತೋರಿಸಿದರೆ ಅದು ಹೊಟ್ಟೆ ತುಂಬಿ ಕೂತಿದೆ. ಆ ಪಟ್ಟಿ ನೋಡಿ 'ಅಯ್ಯೋ, ಪೂರ್ತಿ ಚಾರ್ಜೇ ಆಗ್ತಿಲ್ಲ' ಅಂತ ಗಾಬರಿ ಆಗುವವರಲ್ಲಿ ನಾನೂ ಒಬ್ಬನಾಗಿದ್ದೆ. ಇದರಲ್ಲಿ 12.1 ಬಂದರೆ ಹೆಚ್ಚುಕಡಿಮೆ ಅರ್ಧ.

ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದರೆ ಸೀಸದ ಬ್ಯಾಟರಿಯ ಆಯಸ್ಸು ಕಡಿಮೆ ಆಗುತ್ತದೆ. ಹಾಗಾಗಿ 150 ಎಎಚ್ ಅಂತ ಬರೆದಿದ್ದರೂ ಕೈಗೆ ಸಿಗುವುದು 75 ಅಂತಲೇ ಇಟ್ಟುಕೊಳ್ಳಿ.

ಆ ದಿನ ತೋಟದಲ್ಲಿ ನಾನು ಅಳೆದಾಗ ಬಂದಿದ್ದು 12.3. ಅರ್ಧಕ್ಕಿಂತ ಎಷ್ಟೋ ಮೇಲೆ. ಆದರೂ ಮಿಕ್ಸಿ ತಿರುಗುತ್ತಿಲ್ಲ. ಇಲ್ಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹಾಸನದ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಗಾಡಿ ಓಡಿಸಿದೆ.

ಮಿಕ್ಸಿ ಪರೀಕ್ಷೆ

ಅಂಗಡಿಯಲ್ಲಿದ್ದವರು ವಯಸ್ಸಾದ ಯಜಮಾನರು. ಕನ್ನಡಕ ಹಣೆಗೇರಿಸಿಕೊಂಡು ಕಥೆಯನ್ನೆಲ್ಲ ಕೇಳಿದರು. ಬ್ಯಾಟರಿ ಮುಟ್ಟಲೇ ಇಲ್ಲ. ನನ್ನ ಹೆಂಡತಿಗೆ, 'ಅಮ್ಮಾ, ಮಿಕ್ಸಿ ಹಾಕಿ ಸ್ವಲ್ಪ. ಖಾಲಿ ಜಾರ್ ಬೇಡ, ಅಕ್ಕಿಗಿಕ್ಕಿ ಏನಾದ್ರೂ ಹಾಕಿ, ಲೋಡ್ ಬೇಕು' ಎಂದರು.

500 ವಾಟಿನ ಮಿಕ್ಸಿ ಪೂರ್ತಿ ಲೋಡಿನಲ್ಲಿ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 50 ಆ್ಯಂಪಿಯರ್ ಎಳೆಯುತ್ತದೆ. ಇನ್ವರ್ಟರಿನ ನಷ್ಟವೂ ಸೇರಿ. ಇಷ್ಟು ದೊಡ್ಡ ಲೋಡ್ ಕೊಡುವ ಸಾಮಾನು ನಮ್ಮ ವ್ಯಾನಿನಲ್ಲಿ ಬೇರೆ ಇಲ್ಲ, ಹಾಗಾಗಿ ಪರೀಕ್ಷೆಗೆ ಮಿಕ್ಸಿಯೇ ಸರಿ.

ಮಿಕ್ಸಿ ಗುರ್ ಅನ್ನುತ್ತಿರುವಾಗ ಅವರು ಮೊದಲು ಬ್ಯಾಟರಿ ಕಂಬಗಳಿಗೆ ಮೀಟರ್ ಇಟ್ಟರು. 11.9. ಆಮೇಲೆ ಇನ್ವರ್ಟರಿನ ಹಿಂದಿನ ಟರ್ಮಿನಲ್ಲಿಗೆ. 10.3. ಅಷ್ಟರಲ್ಲಿ ಇನ್ವರ್ಟರ್ ಕೂಗಿ ಆಫ್ ಆಯಿತು. ಅದು 10.5ಕ್ಕಿಂತ ಕೆಳಗೆ ಬಂದರೆ ಬ್ಯಾಟರಿ ಖಾಲಿ ಅಂತ ತಿಳಿದು ಬಂದ್ ಆಗುತ್ತದೆ. ಅದರ ತಪ್ಪಿಲ್ಲ.

'1.6 ವೋಲ್ಟ್ ದಾರೀಲೇ ಹೋಯ್ತಲ್ಲ ಸಾರ್' ಎಂದರು ಯಜಮಾನರು.

ಮುಂದಿನದು ಇನ್ನೂ ಚೆಂದ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಇನ್ವರ್ಟರಿನ ಪ್ಲಸ್‌ಗೆ. ಮಿಕ್ಸಿ ಆನ್. 0.3. ಕೇಬಲ್, ಫ್ಯೂಸ್, ಲಗ್ ಎಲ್ಲ ಸೇರಿ ಅಷ್ಟು, ಪರವಾಗಿಲ್ಲ. ಈಗ ಬ್ಯಾಟರಿಯ ಮೈನಸ್ ಕಂಬದಿಂದ ಇನ್ವರ್ಟರಿನ ಮೈನಸ್‌ಗೆ. ಮಿಕ್ಸಿ ಆನ್. 1.3. ಸಿಕ್ಕಿತು ಕಳ್ಳ.

ವರ್ಕ್‌ಶಾಪಿನವರು ಮೈನಸ್‌ಗೆ ಬೇರೆ ಕೇಬಲ್ ಎಳೆಯದೆ ಛಾಸಿಯನ್ನೇ, ಅಂದರೆ ಗಾಡಿಯ ಲೋಹದ ಚೌಕಟ್ಟನ್ನೇ, ದಾರಿ ಮಾಡಿದ್ದರು. ಬ್ಯಾಟರಿಯ ಮೈನಸ್ ಕೇಬಲ್ಲನ್ನು ಸೀಟಿನ ಕೆಳಗೆ ಛಾಸಿಗೆ ಬೋಲ್ಟ್ ಮಾಡಿದ್ದರು. ಯಜಮಾನರು ಆ ಬೋಲ್ಟಿಗೆ ಬೆರಳಿಟ್ಟು ತಟ್ಟನೆ ತೆಗೆದರು. ಸುಡುತ್ತಿತ್ತು. 1.3 ವೋಲ್ಟ್, 50 ಆ್ಯಂಪಿಯರ್ ಅಂದರೆ ಆ ಒಂದು ಬೋಲ್ಟಿನಲ್ಲಿ 65 ವಾಟ್ ಶಾಖ. ಒಂದು ಸೋಲ್ಡರಿಂಗ್ ಐರನ್ನಿನಷ್ಟು. ಬಿಚ್ಚಿ ನೋಡಿದರೆ ಲಗ್ ಕೂತಿದ್ದು ಬಣ್ಣದ ಮೇಲೆ! ಬಣ್ಣ ಕೆರೆದೇ ಇರಲಿಲ್ಲ. ಬೋಲ್ಟಿನ ದಾರದ ಮೂಲಕ ಅಷ್ಟಿಷ್ಟು ಕರೆಂಟು ನುಸುಳುತ್ತಿತ್ತು, ಒಂದು ಮಳೆಗಾಲ ಕಳೆದ ಮೇಲೆ ಅದೂ ತುಕ್ಕು.

'ಬ್ಯಾಟ್ರಿ ಅಲ್ಲ ಸಾರ್ ಹೋಗಿರೋದು, ಅರ್ತಿಂಗು.'

ಎಮರಿ ಕಾಗದದಲ್ಲಿ ಬಣ್ಣ ಉಜ್ಜಿ, ಲೋಹ ಹೊಳೆಯುವ ತನಕ ಬಿಡಲಿಲ್ಲ. ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಬಳಿದರು. ಮತ್ತೆ ಮಿಕ್ಸಿ. ಮೈನಸ್ ಕಡೆ 0.1. ಇನ್ವರ್ಟರಿನ ಹತ್ತಿರ 11.5. ಅಕ್ಕಿ ನುಣ್ಣಗೆ ಹಿಟ್ಟಾಯಿತು.

ಹಾಗಾದರೆ ಹೊಸ ಬ್ಯಾಟರಿ ಹಾಕಿದ ದಿನ ಮಿಕ್ಸಿ ಹೇಗೆ ತಿರುಗಿತು? ಪೂರ್ತಿ ಚಾರ್ಜ್ ಆಗಿದ್ದಾಗ ಲೋಡಿನಲ್ಲೂ ಬ್ಯಾಟರಿ 12.2 ಕೊಡುತ್ತದೆ. ಅದರಲ್ಲಿ 1.6 ಕಳೆದರೆ 10.6. ಇನ್ವರ್ಟರಿನ ಗೆರೆಗಿಂತ ಒಂದು ಕೂದಲೆಳೆ ಮೇಲೆ. ಒಂದು ರಾತ್ರಿ ಫ್ರಿಡ್ಜ್, ಫ್ಯಾನ್ ಓಡಿದ ಮೇಲೆ ಅದೇ 11.9, ಕಳೆದರೆ 10.3. ಗೆರೆಯ ಕೆಳಗೆ. ಹೊಸ ಬ್ಯಾಟರಿ ದೋಷ ಸರಿಮಾಡಲಿಲ್ಲ, ಒಂದು ದಿನದ ಮಟ್ಟಿಗೆ ಮುಚ್ಚಿಟ್ಟಿತು ಅಷ್ಟೇ. ಅಂಗಡಿಯಲ್ಲಿ ಹೊಸ ಬ್ಯಾಟರಿ ಕೂರಿಸಿ 'ನೋಡಿ, ಈಗ ಓಡುತ್ತೆ' ಅಂತ ತೋರಿಸುವುದು ಪರೀಕ್ಷೆಯೇ ಅಲ್ಲ.

ನೀವು ಮಾಡುವಾಗ ನೆನಪಿಡಬೇಕಾದ್ದು ಇಷ್ಟು. ಲೋಡ್ ಇಲ್ಲದೆ ಅಳೆದರೆ ಈ ದೋಷ ಕಾಣುವುದಿಲ್ಲ. ಕರೆಂಟು ಹರಿಯದಿದ್ದರೆ ವೋಲ್ಟೇಜ್ ಬೀಳುವುದಿಲ್ಲ, ಮೀಟರ್ ಎಲ್ಲ ಕಡೆ 12.3 ಅಂತಲೇ ಹೇಳುತ್ತದೆ. ದೊಡ್ಡ ಲೋಡ್ ಕೊಟ್ಟು, ಒಂದೊಂದೇ ಜಾಯಿಂಟಿನ ಆಚೆ ಈಚೆ ಕಡ್ಡಿ ಇಟ್ಟು ಬನ್ನಿ. ಒಂದು ಜಾಯಿಂಟಿನಲ್ಲಿ 0.1ಕ್ಕಿಂತ ಜಾಸ್ತಿ ಬಂದರೆ ಬಿಚ್ಚಿ ನೋಡಿ. ಸುಲಭಕ್ಕೆ ಸಿಕ್ಕಿಬೀಳುವ ಜಾಗಗಳು: ಛಾಸಿ ಅರ್ತ್, ಸುತ್ತಿಗೆಯಲ್ಲಿ ಬಡಿದು ಕ್ರಿಂಪ್ ಮಾಡಿದ ಲಗ್, ಫ್ಯೂಸ್ ಹೋಲ್ಡರ್, ಬ್ಯಾಟರಿ ಕಂಬದ ಮೇಲಿನ ಬಿಳಿ ಹಸಿರು ಪುಡಿ. ಆ ಪುಡಿಗೆ ಅಡುಗೆ ಸೋಡಾ ಕಲಸಿದ ಬಿಸಿನೀರು, ಹಳೆ ಟೂತ್‌ಬ್ರಷ್ ಸಾಕು. ಸೋಡಾ ನೀರು ಸೆಲ್ಲಿನ ಒಳಗೆ ಹೋಗದ ಹಾಗೆ ಮುಚ್ಚಳ ಬಿಗಿ ಇರಲಿ.

ರಾತ್ರಿಯ ಖರ್ಚು

ವೈರಿಂಗ್ ಸರಿಹೋಯಿತು, ಮಿಕ್ಸಿ ತಿರುಗಿತು. ಆದರೂ ಎರಡು ದಿನ ನಿಂತರೆ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯುತ್ತಿತ್ತು. ಈಗ ಕೂತು ಲೆಕ್ಕ ಬರೆದೆ.

ಫ್ರಿಡ್ಜ್ ಓಡುವಾಗ 45 ವಾಟ್, ಆದರೆ ಸದಾ ಓಡುವುದಿಲ್ಲ, ನಮ್ಮ ಹವೆಗೆ ನೂರಕ್ಕೆ 40ರಷ್ಟು ಹೊತ್ತು. ದಿನಕ್ಕೆ 36 ಎಎಚ್. ಎರಡು 12 ವೋಲ್ಟ್ ಫ್ಯಾನ್, ಎಂಟು ಗಂಟೆ, 20. ಎಲ್‌ಇಡಿ ಲೈಟುಗಳು 7. ಫೋನುಗಳು 4. ನಾಲ್ಕು ಗಂಟೆ ಲ್ಯಾಪ್‌ಟಾಪ್ 16. ನೀರಿನ ಪಂಪ್ 2. ಒಟ್ಟು 85. ಮಿಕ್ಸಿ? ಎರಡು ನಿಮಿಷಕ್ಕೆ ಒಂದೂವರೆ ಎಎಚ್. ಎಲ್ಲರೂ ಮಿಕ್ಸಿಗೆ ಹೆದರುತ್ತಾರೆ. ಚಟ್ನಿ ರುಬ್ಬಿದ್ದಕ್ಕೆ ಯಾವ ಬ್ಯಾಟರಿಯೂ ಖಾಲಿಯಾಗುವುದಿಲ್ಲ.

ಆದರೆ ಕ್ಲ್ಯಾಂಪ್ ಮೀಟರ್ ಹಾಕಿ, ಎಲ್ಲ ಸಾಮಾನು ಆಫ್ ಮಾಡಿ ನೋಡಿದಾಗ ಬ್ಯಾಟರಿಯಿಂದ 1.3 ಆ್ಯಂಪಿಯರ್ ಹೋಗುತ್ತಲೇ ಇತ್ತು. ಯಾರು ತಿನ್ನುತ್ತಿರುವುದು? ಇನ್ವರ್ಟರ್. ಅದಕ್ಕೆ ಏನೂ ಹಾಕಿರಲಿಲ್ಲ, ಸುಮ್ನೆ ಆನ್ ಆಗಿತ್ತು. ಖಾಲಿ ಕೂತಿದ್ದರೂ ಅದಕ್ಕೆ 15 ವಾಟ್ ಬೇಕು. 24 ಗಂಟೆಗೆ 360 ವಾಟ್-ಅವರ್, ಅಂದರೆ 30 ಎಎಚ್. ಫ್ರಿಡ್ಜಿಗೆ ಹತ್ತಿರ ಹತ್ತಿರ! ಮನೆಯಲ್ಲಿ ಇನ್ವರ್ಟರ್ ಆಫ್ ಮಾಡುವ ಅಭ್ಯಾಸ ಯಾರಿಗೂ ಇಲ್ಲ, ಅದೇ ರೂಢಿ ವ್ಯಾನಿಗೂ ಬಂದಿತ್ತು. ಈಗ ಇನ್ವರ್ಟರಿನ ಸ್ವಿಚ್ಚು ಅಡುಗೆ ಕಟ್ಟೆಯ ಪಕ್ಕ ಕೈಗೆ ಸಿಗುವ ಹಾಗಿದೆ. ಬೇಕಾದಾಗ ಆನ್, ಕೆಲಸ ಮುಗಿದ ತಕ್ಷಣ ಆಫ್. ಲ್ಯಾಪ್‌ಟಾಪಿಗೆ 12 ವೋಲ್ಟಿಂದ ನೇರ ಓಡುವ ಚಾರ್ಜರ್ ತಂದೆ, ಇನ್ವರ್ಟರಿನ ಗೊಡವೆಯೇ ತಪ್ಪಿತು.

ನಿಮ್ಮ ಗಾಡಿಯಲ್ಲೂ ಹೀಗೆ ಹುಡುಕಿ. ಎಲ್ಲ ಆಫ್ ಮಾಡಿದ ಮೇಲೂ ಮೀಟರ್ ಏನಾದರೂ ತೋರಿಸಿದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಲೈನಿನಲ್ಲಿ ಸೋರಿಕೆ. ಮ್ಯೂಸಿಕ್ ಸಿಸ್ಟಮ್, ಸಿಸಿಟಿವಿ, ಗ್ಯಾಸ್ ಅಲಾರಂ, ಯುಎಸ್‌ಬಿ ಸಾಕೆಟಿನ ನೀಲಿ ಲೈಟು, ಇವೆಲ್ಲ ಸಣ್ಣ ಸಣ್ಣ ಬಾಯಿಗಳು. ಗ್ಯಾಸ್ ಅಲಾರಂ ಮಾತ್ರ ಉಳಿತಾಯಕ್ಕಾಗಿ ಕೀಳಬೇಡಿ.

ಫ್ರಿಡ್ಜ್ ವಿಷಯದಲ್ಲಿ ಒಂದು ಮಾತು. ಇಂತಹ ಹಲವು ಫ್ರಿಡ್ಜುಗಳಿಗೆ ಬ್ಯಾಟರಿ ಕಾಪಾಡುವ ಕಟ್-ಆಫ್ ಇರುತ್ತದೆ, ಹೈ, ಮೀಡಿಯಂ, ಲೋ ಅಂತ. ಫ್ರಿಡ್ಜಿಗೆ ಹೋಗುವ ವೈರ್ ಸಣ್ಣದಿದ್ದರೆ ಕಂಪ್ರೆಸರ್ ಶುರುವಾಗುವ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಫ್ರಿಡ್ಜ್ ನಿಲ್ಲುತ್ತದೆ, ನಿಂತ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಶುರು. ರಾತ್ರಿಯಿಡೀ ಟಕ್ ಟಕ್ ಅನ್ನುತ್ತಿದ್ದರೆ ಇದೇ ಕಾರಣ. ಸೆಟ್ಟಿಂಗನ್ನು ಲೋಗೆ ಇಳಿಸುವುದು ಮದ್ದಲ್ಲ, ವೈರ್ ದಪ್ಪ ಮಾಡಿ.

ಚಾರ್ಜ್ ಬರುತ್ತಿದೆಯಾ?

ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು, ಮನೆ ಬ್ಯಾಟರಿಯ ಕಂಬದಲ್ಲಿ ಅಳೆಯಿರಿ. ಬ್ಯಾಟರಿ ಇಳಿದಿದ್ದಾಗ ಮೊದಮೊದಲು ಕಡಿಮೆ ಕಾಣುವುದು ಸಹಜ. ಆದರೆ ಗಂಟೆಗಟ್ಟಲೆ ಓಡಿಸಿದ ಮೇಲೂ 14ರ ಹತ್ತಿರ ಬರದಿದ್ದರೆ ಏನೋ ತಡೆಯುತ್ತಿದೆ. ನನ್ನ ಗಾಡಿಯಲ್ಲಿ ಆಲ್ಟರ್ನೇಟರ್ ಹತ್ತಿರ 14.2, ಬ್ಯಾಟರಿಯಲ್ಲಿ 13.4. ಇದಕ್ಕೂ ಆ ಹಾಳು ಬೋಲ್ಟೇ ಕಾರಣ. ಚಾರ್ಜ್ ವಾಪಸ್ ಹೋಗುವ ದಾರಿಯೂ ಅದೇ ತಾನೇ? 20 ಆ್ಯಂಪಿಯರಿಗೆ ಅಲ್ಲಿ ಅರ್ಧ ವೋಲ್ಟ್ ಹೋಗುತ್ತಿತ್ತು. ಉಳಿದ 0.3 ವೋಲ್ಟ್ 6 ಸ್ಕ್ವೇರ್ ಎಂಎಂ ವೈರಿನಲ್ಲಿ. ಐದು ಮೀಟರ್ ಉದ್ದದ ಆ ವೈರಿನ ಬದಲು 16 ಸ್ಕ್ವೇರ್ ಎಂಎಂ ಹಾಕಿಸಿದ ಮೇಲೆ ಅದು 0.1ಕ್ಕೆ ಇಳಿಯಿತು. ಎರಡೂ ತುದಿಗೆ ಫ್ಯೂಸ್ ಮರೆಯಬೇಡಿ, ಏಕೆಂದರೆ ಎರಡೂ ತುದಿಗೆ ಬ್ಯಾಟರಿ ಇದೆ.

ನಿಮ್ಮದು ಬಿಎಸ್6 (ಹೊಗೆ ನಿಯಂತ್ರಣದ ಹೊಸ ನಿಯಮದ) ಗಾಡಿಯಾದರೆ ಕಥೆ ಬೇರೆ ಇರಬಹುದು. 2020ರ ಏಪ್ರಿಲ್ ನಂತರ ಬಂದ ಇಂತಹ ಹಲವು ಗಾಡಿಗಳಲ್ಲಿ ಆಲ್ಟರ್ನೇಟರನ್ನು ಎಂಜಿನ್ನಿನ ಕಂಪ್ಯೂಟರ್ ನಡೆಸುತ್ತದೆ. ಸ್ಟಾರ್ಟರ್ ಬ್ಯಾಟರಿ ತುಂಬಿತು ಅನ್ನಿಸಿದರೆ ಡೀಸೆಲ್ ಉಳಿಸಲು ವೋಲ್ಟೇಜನ್ನು 12.5ರ ಆಸುಪಾಸಿಗೆ ಇಳಿಸಿಬಿಡುತ್ತದೆ. ಆಗ ರಿಲೇ 'ಎಂಜಿನ್ ನಿಂತಿದೆ' ಅಂತ ತಿಳಿದು ಕೈಬಿಡುತ್ತದೆ. ಬೆಂಗಳೂರಿಂದ ಚಿಕ್ಕಮಗಳೂರಿನ ತನಕ ಓಡಿಸಿದರೂ ಮನೆ ಬ್ಯಾಟರಿಗೆ ಏನೂ ಬಂದಿರುವುದಿಲ್ಲ. ಇಂತಹ ಗಾಡಿಗೆ ರಿಲೇ ಸಾಲದು, ಇಳಿದ ವೋಲ್ಟೇಜನ್ನು ಏರಿಸಿ ಬ್ಯಾಟರಿಗೆ ಕೊಡುವ ಡಿಸಿ-ಡಿಸಿ ಚಾರ್ಜರ್ ಹಾಕಿಸಲೇಬೇಕು.

ಇನ್ನು ಸೋಲಾರ್. 200 ವಾಟಿನ ಪ್ಯಾನೆಲ್ ಚಪ್ಪಟೆಯಾಗಿ ಮಲಗಿಸಿದಾಗ ಒಳ್ಳೆ ಬಿಸಿಲಿನ ದಿನ 50ರಿಂದ 60 ಎಎಚ್ ಕೊಟ್ಟರೆ ಖುಷಿಪಡಿ. ಹಂಪಿಯ ಕಡೆ ಬೇಸಿಗೆಯಲ್ಲಿ ಸಿಗುತ್ತದೆ. ಸಕಲೇಶಪುರದಲ್ಲಿ ನಾನು ನಿಲ್ಲಿಸಿದ್ದು ಸಿಲ್ವರ್ ಓಕ್ ಮರಗಳ ಸಾಲಿನ ಪಕ್ಕ. ತಂಪಾಗಿದೆ ಅಂತ ಬೀಗಿದ್ದೆ. ಮಧ್ಯಾಹ್ನ ಕ್ಲ್ಯಾಂಪ್ ಹಾಕಿದರೆ ಅರ್ಧ ಆ್ಯಂಪಿಯರ್.

ನೆರಳು ಅರ್ಧ ಬಿದ್ದರೆ ಅರ್ಧ ಕರೆಂಟು ಬರುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. 12 ವೋಲ್ಟಿನ ಪ್ಯಾನೆಲ್ಲಿನಲ್ಲಿ 36 ಸೆಲ್ಲುಗಳು ಒಂದರ ಹಿಂದೆ ಒಂದು ಸರಪಳಿಯಂತೆ ಇರುತ್ತವೆ. ಪೂರ್ತಿ ಸರಪಳಿ ಸೇರಿ 18 ವೋಲ್ಟ್. ಅರ್ಧದ ಮೇಲೆ ನೆರಳು ಬಿದ್ದು ಆ ಭಾಗ ಕೈಬಿಟ್ಟರೆ ಉಳಿಯುವುದು 9 ವೋಲ್ಟ್. 12 ವೋಲ್ಟಿನ ಬ್ಯಾಟರಿಗೆ 9 ವೋಲ್ಟಿಂದ ಚಾರ್ಜ್ ಹೇಗೆ ಹೋಗಬೇಕು? ಹೆಚ್ಚುಕಡಿಮೆ ಸೊನ್ನೆ. ಪ್ಯಾನೆಲ್ಲಿಂದ ಬ್ಯಾಟರಿಗೆ ಹೋಗುವ ಚಾರ್ಜ್ ನೋಡಿಕೊಳ್ಳುವ ಕಂಟ್ರೋಲರ್ ಎಂಪಿಪಿಟಿ ಅನ್ನುವ ಒಳ್ಳೆ ಜಾತಿಯದ್ದಾದರೂ ಅಷ್ಟೇ, ಅವುಗಳಲ್ಲಿ ಹೆಚ್ಚಿನವು ವೋಲ್ಟೇಜ್ ಇಳಿಸುತ್ತವೆ, ಏರಿಸುವುದಿಲ್ಲ. ಗಾಡಿಯನ್ನು ಹತ್ತು ಮೀಟರ್ ಮುಂದೆ ತಂದು ಬಯಲಿಗೆ ನಿಲ್ಲಿಸಿದೆ, ಅಂಕಿ 8ರ ಮೇಲೆ ಹೋಯಿತು. ಒಳಗೆ ಸೆಖೆ ಆಯಿತು, ಅದು ಬೇರೆ ಮಾತು.

ಬಿಸಿಲಿನಲ್ಲೂ ಕರೆಂಟು ಬರದಿದ್ದರೆ ಮೊದಲು ಬ್ಯಾಟರಿ ತುಂಬಿದೆಯಾ ನೋಡಿ. ತುಂಬಿದ್ದರೆ ಕಂಟ್ರೋಲರ್ ತಾನಾಗಿಯೇ ಕಡಿಮೆ ಮಾಡುತ್ತದೆ, ಅದು ದೋಷವಲ್ಲ. ತುಂಬಿಲ್ಲದಿದ್ದರೆ ಪ್ಯಾನೆಲ್ಲಿನ ವೈರನ್ನು ಕಂಟ್ರೋಲರಿಂದ ಬಿಚ್ಚಿ ಅಳೆಯಿರಿ, 20ರಿಂದ 22 ವೋಲ್ಟ್ ಬರಬೇಕು. ಬಂದರೆ ಪ್ಯಾನೆಲ್ ಚೆನ್ನಾಗಿದೆ, ಕಂಟ್ರೋಲರ್ ಅಥವಾ ಅದರಿಂದ ಬ್ಯಾಟರಿಗೆ ಹೋಗುವ ಫ್ಯೂಸ್ ನೋಡಿ. ಬರದಿದ್ದರೆ ಮೇಲೆ ಹತ್ತಿ, ಕನೆಕ್ಟರಿನಲ್ಲಿ ನೀರು ಹೋಗಿರಬಹುದು. ವಾಪಸ್ ಜೋಡಿಸುವಾಗ ಕಂಟ್ರೋಲರಿಗೆ ಬ್ಯಾಟರಿ ಮೊದಲು, ಪ್ಯಾನೆಲ್ ಆಮೇಲೆ. ಮಳೆಗಾಲದಲ್ಲಿ ಆಗುಂಬೆ ಕಡೆ ಹೋಗುವವರು ಸೋಲಾರನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ.

ನಿಜಕ್ಕೂ ಬ್ಯಾಟರಿಯೇ ಹೋಗಿದ್ದರೆ

ಆಗುತ್ತದೆ, ಇಲ್ಲವೆಂದಲ್ಲ. ಪೂರ್ತಿ ಚಾರ್ಜ್ ಕೊಟ್ಟು ರಾತ್ರಿಯಿಡೀ ಎಲ್ಲ ಬಿಚ್ಚಿಟ್ಟರೂ ಬೆಳಿಗ್ಗೆ 10.5ರ ಸುತ್ತ ನಿಂತಿದ್ದರೆ ಆರರಲ್ಲಿ ಒಂದು ಸೆಲ್ ಸತ್ತಿದೆ. ಒಂದೊಂದು ಸೆಲ್ಲಿಗೆ 2.1 ವೋಲ್ಟ್ ತಾನೇ? ಹೈಡ್ರೋಮೀಟರ್ ಹಾಕಿದರೆ ಐದು ಸೆಲ್ ಒಂದೇ ತರ, ಒಂದು ಮಾತ್ರ ತೀರಾ ಕೆಳಗೆ. ಸೆಲ್ಲುಗಳ ನಡುವೆ 0.050ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದು, ಉದ್ದದ ಚಾರ್ಜ್ ಕೊಟ್ಟರೂ ಹತ್ತಿರ ಬರದಿದ್ದರೆ ಅದಕ್ಕೆ ದುಡ್ಡು ಸುರಿಯಬೇಡಿ.

ಎಲ್ಲ ಸೆಲ್ಲೂ ಸಮ ಇದ್ದು, ಚಾರ್ಜ್ ಬೇಗ ತುಂಬಿ ಬೇಗ ಖಾಲಿಯಾಗುತ್ತಿದ್ದರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರಬಹುದು. ಅರ್ಧಂಬರ್ಧ ಚಾರ್ಜಿನಲ್ಲೇ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಗಳಿಗೆ ಬರುವ ರೋಗ ಇದು. ಖಚಿತ ಮಾಡಿಕೊಳ್ಳಲು 60 ವಾಟಿನ ಹೆಡ್‌ಲೈಟ್ ಬಲ್ಬ್ ಒಂದನ್ನು ನೇರ ಬ್ಯಾಟರಿಗೆ ಕೊಡಿ. 5 ಆ್ಯಂಪಿಯರ್ ಎಳೆಯುತ್ತದೆ. ಹತ್ತು ಗಂಟೆ ಉರಿಸಿದರೆ 50 ಎಎಚ್. ಬಲ್ಬ್ ವಿಪರೀತ ಕಾಯುತ್ತದೆ, ಪ್ಲಾಸ್ಟಿಕ್, ಬಟ್ಟೆಯಿಂದ ದೂರ ಇಡಿ. ಆಮೇಲೆ ಬ್ಯಾಟರಿಗೆ ವಿಶ್ರಾಂತಿ ಕೊಟ್ಟು ಅಳೆಯಿರಿ. 150 ಎಎಚ್ ಬ್ಯಾಟರಿ ಇನ್ನೂ ಅರ್ಧಕ್ಕಿಂತ ಮೇಲೆ ಇರಬೇಕು. ಅಷ್ಟರೊಳಗೇ ಬಲ್ಬ್ ಮಂಕಾದರೆ ಅದರ ಕಾಲ ಮುಗಿದಿದೆ.

ಟ್ಯೂಬುಲರ್ ಬ್ಯಾಟರಿ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಅಗ್ಗಕ್ಕೆ ಎಲ್ಲ ಊರಲ್ಲೂ ಸಿಗುತ್ತದೆ ಅನ್ನುವುದು ಬಿಟ್ಟರೆ ವ್ಯಾನಿಗೆ ಅದು ಹೇಳಿ ಮಾಡಿಸಿದ್ದಲ್ಲ. ಮನೆಯ ಮೂಲೆಯಲ್ಲಿ ಅಲುಗಾಡದೆ ಕೂರುವ ಸಾಮಾನು ಅದು. 50 ಕಿಲೋಗೂ ಜಾಸ್ತಿ ತೂಕ, ಹಳ್ಳ ಬಿದ್ದ ರಸ್ತೆಯಲ್ಲಿ ಕುಣಿಯುತ್ತದೆ, ಆ್ಯಸಿಡ್ ಚೆಲ್ಲುತ್ತದೆ. ಇದ್ದರೆ ಪಟ್ಟಿ ಹಾಕಿ ಬಿಗಿಯಿರಿ, ಗಾಳಿ ಹೊರಗೆ ಹೋಗುವ ಪೈಪ್ ಇಡಿ. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಂತೂ ವಿಷ, ಆರ್‌ಒ ನೀರೂ ಬೇಡ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿಕೊಂಡವರಿಗೆ ಮೇಲಿನ ವೋಲ್ಟೇಜ್ ಪಟ್ಟಿ ಯಾವುದೂ ನಡೆಯುವುದಿಲ್ಲ. ಅದು ತುಂಬಿದ್ದಾಗಲೂ ಕಾಲುಭಾಗ ಉಳಿದಾಗಲೂ 13ರ ಆಸುಪಾಸಿನಲ್ಲೇ ಇದ್ದು, ಕೊನೆಗೆ ಒಮ್ಮೆಲೇ ಬೀಳುತ್ತದೆ. ಎಷ್ಟಿದೆ ಅಂತ ತಿಳಿಯಲು ಶಂಟ್ ಇರುವ, ಅಂದರೆ ಒಳಗೆ ಬಂದ, ಹೊರಗೆ ಹೋದ ಕರೆಂಟನ್ನು ಎಣಿಸುವ, ಮಾನಿಟರ್ ಬೇಕು. ಮೀಟರ್ ಇದ್ದಕ್ಕಿದ್ದಂತೆ ಸೊನ್ನೆ ತೋರಿಸಿದರೆ ಬ್ಯಾಟರಿ ಸತ್ತಿಲ್ಲ, ಒಳಗಿನ ಬಿಎಂಎಸ್ (ಬ್ಯಾಟರಿ ಕಾಪಾಡುವ ಸರ್ಕ್ಯೂಟ್) ಬಾಗಿಲು ಹಾಕಿಕೊಂಡಿದೆ. ಎಲ್ಲ ಲೋಡ್ ತೆಗೆದು ಲಿಥಿಯಂ ಚಾರ್ಜರ್ ಕೊಟ್ಟರೆ ಸಾಮಾನ್ಯವಾಗಿ ಎಚ್ಚರವಾಗುತ್ತದೆ. ಕೆಲವು ಚಾರ್ಜರುಗಳು ವೋಲ್ಟೇಜ್ ಕಾಣದೆ ಶುರುವೇ ಆಗುವುದಿಲ್ಲ, ಅದು ನೆನಪಿರಲಿ. ಲಡಾಖಿಗೆ ಹೋಗುವವರಿಗೆ ಇನ್ನೊಂದು: ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಬ್ಯಾಟರಿ ಚಾರ್ಜ್ ಮಾಡಬಾರದು. ಬೆಳಿಗ್ಗೆ ಬಿಸಿಲಿದ್ದರೂ ಚಾರ್ಜ್ ಆಗುತ್ತಿಲ್ಲ ಅಂದರೆ ಬಿಎಂಎಸ್ ತಡೆಯುತ್ತಿದೆ. ತಡೆಯಲಿ ಬಿಡಿ, ಬ್ಯಾಟರಿ ಬೆಚ್ಚಗಾದ ಮೇಲೆ ತಾನೇ ಶುರುವಾಗುತ್ತದೆ.

ಇವತ್ತು ರಾತ್ರಿಯೇ ಕೈಕೊಟ್ಟರೆ

ಹುಡುಕಾಟ ಬೆಳಿಗ್ಗೆಗೆ ಇರಲಿ. ಮೊದಲು ಇನ್ವರ್ಟರ್ ಆಫ್. ಪಂಪ್ ಆಫ್ ಮಾಡುವ ಮುಂಚೆ ಕುಡಿಯಲು, ಬಳಸಲು ನೀರು ಎರಡು ಪಾತ್ರೆಗೆ ಹಿಡಿದಿಡಿ. ಫ್ರಿಡ್ಜ್ ಆಫ್ ಮಾಡಿ ಬಾಗಿಲು ತೆರೆಯದೆ ಇಟ್ಟರೆ ಒಳಗಿನ ತಂಪು ಕೆಲವು ಗಂಟೆ ಉಳಿಯುತ್ತದೆ. ಮೇಲೊಂದು ಕಂಬಳಿ ಮುಚ್ಚಬಹುದು, ಕಂಪ್ರೆಸರ್ ಮತ್ತೆ ಶುರು ಮಾಡುವಾಗ ತೆಗೆಯಿರಿ.

ಎಂಜಿನ್ ಓಡಿಸಿ ಚಾರ್ಜ್ ಮಾಡೋಣ ಅನ್ನಿಸುತ್ತದೆ. ಅರ್ಧ ಗಂಟೆಗೆ 20 ಆ್ಯಂಪಿಯರ್ ಲೆಕ್ಕದಲ್ಲಿ ಸಿಗುವುದು 10 ಎಎಚ್, ಐಡ್ಲಿಂಗಿನಲ್ಲಿ ಅದಕ್ಕಿಂತಲೂ ಕಡಿಮೆ. ಫ್ರಿಡ್ಜನ್ನು ಬೆಳಗಿನ ತನಕ ಎಳೆಯಲು ಅಷ್ಟು ಸಾಕಾಗಬಹುದು. ಆದರೆ ಗೋಡೆ, ಪೊದೆಗಳ ಪಕ್ಕ ಹೊಗೆ ಸುತ್ತಿಕೊಂಡು ಕಿಟಕಿಯಿಂದ ಒಳಗೆ ಬರುತ್ತದೆ, ಯಾರೂ ಒಳಗೆ ಮಲಗಿರಬಾರದು. ಸಣ್ಣ ಜನರೇಟರಿಗೂ ಇದೇ ನಿಯಮ.

ಸ್ಟಾರ್ಟರ್ ಬ್ಯಾಟರಿಯಿಂದ ಮನೆಗೆ ಕರೆಂಟು ಎಳೆಯಬೇಡಿ. ನಮ್ಮ ಭಾವ ಒಮ್ಮೆ ಹಾಗೆ ಮಾಡಿ ಫ್ಯಾನ್ ಹಾಕಿಕೊಂಡು ಸುಖವಾಗಿ ನಿದ್ದೆ ಮಾಡಿದರು. ಬೆಳಿಗ್ಗೆ ತೋಟದ ಟ್ರ್ಯಾಕ್ಟರ್ ಬಂದು ಎಳೆದ ಮೇಲೆಯೇ ಗಾಡಿ ಸ್ಟಾರ್ಟ್ ಆಗಿದ್ದು.